ಸಹಾಯ ಬೇಕು: ಪಂಪ್ ಓಡುತ್ತದೆ, ಬಾವಿ ನೀರು ಮೇಲೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮನೆಯಿದೆ. ಹಬ್ಬಕ್ಕೆ, ಬೇಸಿಗೆ ರಜೆಗೆ ಮಾತ್ರ ಬರುತ್ತೇವೆ. ದೀಪಾವಳಿಗೆ ಬಂದಾಗ ಪಂಪ್ ಚೆನ್ನಾಗಿಯೇ ಇತ್ತು. ಮೊನ್ನೆ ಸ್ವಿಚ್ ಹಾಕಿದರೆ ಮೋಟರ್ ಓಡುತ್ತದೆ, ನೀರು ಮಾತ್ರ ಇಲ್ಲ.

1 ಎಚ್‌ಪಿ ಮೋನೋಬ್ಲಾಕ್ (ಮೋಟರ್, ಪಂಪ್ ಎರಡೂ ಒಂದೇ ಆಗಿರುವುದು), ಬಾವಿಕಟ್ಟೆ ಪಕ್ಕದಲ್ಲೇ ಇದೆ. ಚೊಂಬಿನಲ್ಲಿ ನೀರು ಹುಯ್ದು ಪಂಪನ್ನು ಬಾಯಿವರೆಗೂ ತುಂಬಿಸಿದೆ. ಐದೇ ನಿಮಿಷ, ಗುಳುಗುಳು ಅಂತ ಅಷ್ಟೂ ಇಳಿದುಹೋಯಿತು. ಫುಟ್‌ವಾಲ್ವ್ (ಬಾವಿಯೊಳಗಿನ ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ನೀರು ಹಿಡಿಯುತ್ತಿಲ್ಲ ಅಂತ ನನ್ನ ಅನುಮಾನ. ಎಲೆಯೋ ಕಡ್ಡಿಯೋ ಸಿಕ್ಕಿಕೊಂಡಿರಬಹುದು. ತಮ್ಮ ಮಾತ್ರ ಮೋಟರೇ ಹೋಗಿದೆ, ಹೊಸದು ತರೋಣ ಅಂತಾನೆ. ಅವನಿಗೆ ಎಲ್ಲಾ ಹೊಸದೇ ಬೇಕು, ಬಿಡಿ.

ಹಗ್ಗ ಬಿಟ್ಟು ಅಳೆದೆ. ಪಂಪಿನಿಂದ ನೀರಿಗೆ 23 ಅಡಿ. ಮೇಲೆ ಕೂರಿಸಿದ ಪಂಪ್ 25 ಅಡಿಗಿಂತ ಜಾಸ್ತಿ ಆಳದಿಂದ ಎಳೆಯುವುದು ಕಷ್ಟ ಅಲ್ವಾ? ಮಳೆಗೆ ಇನ್ನೂ ತಿಂಗಳಿದೆ, ನೀರು ಮತ್ತೂ ಇಳಿಯುತ್ತದೆ.

ವಾಲ್ವ್ ಬದಲಿಸಿದರೆ ಸಾಕಾ, ಇಲ್ಲಾ ಪಂಪನ್ನೇ ಬಾವಿಯೊಳಗೆ ಸ್ವಲ್ಪ ಕೆಳಗೆ ಕೂರಿಸಬೇಕಾ? ಪೈಪ್ ಮೇಲೆತ್ತಲು ಇಬ್ಬರು ಸಾಕಾಗುತ್ತಾರಾ? ಈ ಕಡೆ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸದ್ಯಕ್ಕೆ ರಾಟೆಯಲ್ಲೇ ಸೇದುತ್ತಿದ್ದೇವೆ. ಅಮ್ಮನಿಗೆ ಖುಷಿ, ನನಗೆ ಸೊಂಟನೋವು.