‘ಬ್ಯಾಕ್‌ಸ್ಪೇಸಿಂಗ್’ಗೆ ‘ಒಳಪಾಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಡೆಟ್ರಾಯ್ಟ್ ಹತ್ತಿರ ಇರುವ ನನ್ನ ಭಾವ ಒಂದು 1969ರ ಷೆವರ್ಲೆ ಕಮಾರೊ ಕಾರು ಇಟ್ಟುಕೊಂಡಿದ್ದಾರೆ. ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಸೇರಿ ಅದಕ್ಕೆ ಮುಂದೆ ಅಗಲವಾದ ಚಕ್ರ, ಅಗಲವಾದ ಟಯರ್ ಹಾಕಿದೆವು. ಆ ಕೆಲಸದ ಬಗ್ಗೆ ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಬರೆಯುತ್ತಿದ್ದೇನೆ. ಬರಹ ಎರಡು ಪದಗಳ ಹತ್ತಿರ ಬಂದು ನಿಂತಿದೆ: ಬ್ಯಾಕ್‌ಸ್ಪೇಸಿಂಗ್ ಮತ್ತು ಆಫ್‌ಸೆಟ್.

ಮೊದಲು ವಿಷಯ ಹೇಳುತ್ತೇನೆ. ಕಾರಿನ ಪರಿಚಯ ಇಲ್ಲದವರೂ ಪದ ಸೂಚಿಸಬಹುದು ಅಲ್ವಾ.

ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಆಡುವುದೊಂದೇ ಕೆಲಸ. ಮುಂದಿನದು ಆಡುವುದರ ಜೊತೆಗೆ ತಿರುಗಲೂ ಬೇಕು. ಹಾಗಾಗಿ ಹಿಂದೆ ಸಲೀಸಾಗಿ ಕೂರುವ ಅಗಲ ಮುಂದೆ ಕೂರುವುದಿಲ್ಲ. ಆ ಕಾಲದ ಈ ಕಾರುಗಳಿಗೆ ಎಫ್70-14 ಅಳತೆಯ ಟಯರ್ ಬರುತ್ತಿತ್ತು. ‘ವೈಡ್ ಓವಲ್’ ಅಂತ ಅಗಲವನ್ನೇ ಹೆಸರಾಗಿಟ್ಟುಕೊಂಡು ಮಾರುತ್ತಿದ್ದ ಟಯರೂ ಇತ್ತು. ಈಗಿನ ಲೆಕ್ಕದಲ್ಲಿ ಅದು ಸುಮಾರು 215/70-14. ನಾವು ಹಾಕಲು ಹೊರಟದ್ದು 245/45-17. ಅಂದರೆ ಅಗಲ 245 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇಕಡಾ 45, ರಿಮ್ಮಿನ ಅಡ್ಡಳತೆ 17 ಇಂಚು. ಅಗಲದಲ್ಲಿ ಹೆಚ್ಚಾದದ್ದು 30 ಮಿ.ಮೀ. ಮಾತ್ರ. ಆದರೆ ಆ 30 ಮಿ.ಮೀ. ಎತ್ತ ಕಡೆ ಹೋಗುತ್ತದೆ ಅನ್ನುವುದೇ ಪ್ರಶ್ನೆ.

ಚಕ್ರವನ್ನು ಬಿಚ್ಚಿ ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿ. ಈಗ ಅದರ ಬೆನ್ನು ಕಾಣುತ್ತದೆ. ರಿಮ್ಮಿನ ಮೇಲೆ ಅಡ್ಡಲಾಗಿ ಒಂದು ನೆಟ್ಟನೆಯ ಪಟ್ಟಿ ಇಡಿ. ಆ ಪಟ್ಟಿಯಿಂದ ಕೆಳಗೆ, ಚಕ್ರವು ಕಾರಿನ ಹಬ್‌ಗೆ (ಚಕ್ರವನ್ನು ಬಿಗಿಯುವ ನಡುಭಾಗಕ್ಕೆ) ಒತ್ತಿ ಕೂರುವ ಮಟ್ಟಸವಾದ ಜಾಗದವರೆಗೆ ಸ್ಕೇಲ್ ಇಳಿಸಿ ಅಳೆಯಿರಿ. ಆ ಅಳತೆಯೇ ಬ್ಯಾಕ್‌ಸ್ಪೇಸಿಂಗ್.

ಆಫ್‌ಸೆಟ್ ಬೇರೆ. ಚಕ್ರದ ಅಗಲದ ಸರಿಯಾದ ನಡುಗೆರೆಯಿಂದ ಈ ಕೂರುವ ಜಾಗ ಎಷ್ಟು ಆಚೆ ಅಥವಾ ಈಚೆ ಇದೆ ಅನ್ನುವುದು ಆಫ್‌ಸೆಟ್. ಜಾಗ ಹೊರಮುಖದ ಕಡೆಗಿದ್ದರೆ ಪ್ಲಸ್, ಬೆನ್ನಿನ ಕಡೆಗಿದ್ದರೆ ಮೈನಸ್.

ನಮ್ಮದೇ ಲೆಕ್ಕ ನೋಡಿ. 8 ಇಂಚಿನ ಚಕ್ರ ಅನ್ನುತ್ತಾರೆ. ಆದರೆ ಆ 8 ಇಂಚು ಟಯರ್ ಕೂರುವ ಒಳಗಿನ ಅಗಲ. ಎರಡೂ ಕಡೆಯ ಅಂಚು ಸೇರಿದರೆ ಒಟ್ಟು ಸುಮಾರು 9 ಇಂಚು. ಭಾವ ಮೊದಲು ಒಬ್ಬರಿಂದ ತಂದ ಹಳೆಯ ಜೋಡಿಗೆ ಬ್ಯಾಕ್‌ಸ್ಪೇಸಿಂಗ್ 4 ಇಂಚು ಇತ್ತು. ಹಾಕಿ ನಿಲ್ಲಿಸಿದಾಗ ಬಹಳ ಚೆನ್ನಾಗಿ ಕಂಡಿತು. ಮನೆಯ ಮುಂದಿನ ಇಳಿಜಾರಿನಲ್ಲಿ ಸ್ಟೇರಿಂಗ್ ಎಡಕ್ಕೆ ಫುಲ್ ಕಟ್ ಮಾಡಿ ಇಳಿಸಿದ ಕೂಡಲೇ ಬಲಗಡೆಯಿಂದ ಜರ್ರ್ ಅಂತ ಸದ್ದು. ಇಳಿದು ನೋಡಿದರೆ ಟಯರಿನ ಭುಜದ ಮೇಲೆ ಬೆರಳಗಲದ ಹೊಳೆಯುವ ಗೆರೆ. ಮಡ್‌ಗಾರ್ಡಿನ ಒಳಅಂಚಿಗೆ ಮಕ್ಕಳು ಆಡುವ ಜೇಡಿ ಮೆತ್ತಿ ಇನ್ನೊಮ್ಮೆ ಇಳಿಸಿದೆವು. ಹಿಂಭಾಗದಲ್ಲಿ ಅಂಗೈ ಉದ್ದಕ್ಕೆ ಜೇಡಿ ಪೂರ್ತಿ ಒರೆಸಿಹೋಗಿತ್ತು. ಆಮೇಲೆ 4.75 ಇಂಚು ಬ್ಯಾಕ್‌ಸ್ಪೇಸಿಂಗ್ ಇರುವ ಜೋಡಿ ತರಿಸಿದೆವು. ಅದೇ ಟಯರ್ 19 ಮಿ.ಮೀ. ಒಳಗೆ ಸರಿಯಿತು. ಸದ್ದು ಹೋಯಿತು.

ಈಗ ಪದಕ್ಕೆ ಬರುತ್ತೇನೆ. ಆಫ್‌ಸೆಟ್‌ಗೆ ಕನ್ನಡ ಹುಡುಕಿದರೆ ಸಿಗುವುದು ‘ಸರಿದೂಗಿಸು’. ಅದು ಲೆಕ್ಕಪತ್ರದ ಅರ್ಥ. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭದಿಂದ ತುಂಬಿಕೊಳ್ಳುವುದು. ಚಕ್ರದ ಆಫ್‌ಸೆಟ್ ಏನನ್ನೂ ತುಂಬಿಕೊಡುವುದಿಲ್ಲ. ಇನ್ನು ‘ಆಫ್‌ಸೆಟ್’ ಅಂತಲೇ ಬರೆಯೋಣ ಅಂದರೆ, ನಮ್ಮ ಊರುಗಳಲ್ಲಿ ಆ ಪದ ಕೇಳಿದ ಕೂಡಲೇ ನೆನಪಾಗುವುದು ಪ್ರಿಂಟಿಂಗ್ ಪ್ರೆಸ್ಸಿನ ಬೋರ್ಡು ಮತ್ತು ಲಗ್ನಪತ್ರಿಕೆ. ಇಷ್ಟು ಗಟ್ಟಿಯಾಗಿ ಇನ್ನೊಂದು ಅರ್ಥ ಕೂತಿರುವ ಪದವನ್ನು ಇಲ್ಲಿ ಬಳಸಲು ನನಗೆ ಮನಸ್ಸಿಲ್ಲ.

ಬ್ಯಾಕ್‌ಸ್ಪೇಸಿಂಗ್‌ಗೆ ನಾನು ಮೊದಲು ‘ಹಿಂಜಾಗ’ ಅಂತ ಬರೆದೆ. ಓದಿದ ಅಕ್ಕ ‘ಹಿಂದಿನ ಸೀಟಿನ ಜಾಗವಾ?’ ಅಂತ ಕೇಳಿದಳು. ಹೊಡೆದುಹಾಕಿದೆ. ಆಮೇಲೆ ‘ಒಳಚಾಚು’ ಅಂತ ಮಾಡಿದೆ. ಸೂರು ಚಾಚಿದೆ ಅನ್ನುತ್ತೇವಲ್ಲ, ಹಾಗೆ. ಅದೇನೋ ಪರವಾಗಿಲ್ಲ. ಆದರೆ ಕೆಲಸ ಮಾಡುವಾಗ ಭಾವ ಆಡಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. ‘ಒಂಬತ್ತು ಇಂಚಲ್ಲಿ ಒಳಗೆಷ್ಟು ಪಾಲು, ಹೊರಗೆಷ್ಟು ಪಾಲು, ಅಷ್ಟೇ ತಾನೇ ನೋಡಬೇಕಾಗಿರೋದು’ ಅಂದರು. ಅಲ್ಲಿಂದ ‘ಒಳಪಾಲು’ ಬಂತು. ಹಳೆಯ ಜೋಡಿಯ ಒಳಪಾಲು 4, ಹೊರಪಾಲು 5. ಹೊಸ ಜೋಡಿಯ ಒಳಪಾಲು 4.75, ಹೊರಪಾಲು 4.25. ಇದನ್ನು ಓದಿದವರಿಗೆ ಬೇರೆ ವಿವರಣೆ ಬೇಕೇ? ಹೊರಪಾಲು ಜಾಸ್ತಿಯಾದರೆ ಮಡ್‌ಗಾರ್ಡಿಗೆ ತಿಕ್ಕುತ್ತದೆ. ಒಳಪಾಲು ಜಾಸ್ತಿಯಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಚಾಸಿಗೋ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ವೇ ಬಾರ್ ಅನ್ನುವ ಸರಳಿಗೋ ತಾಕುತ್ತದೆ. ಹೊಲಮನೆ ಎಲ್ಲಕ್ಕೂ ಪಾಲು ಹೇಳುವ ನಾವು ಚಕ್ರಕ್ಕೂ ಹೇಳಬಹುದು ಅನಿಸುತ್ತದೆ.

ಆಫ್‌ಸೆಟ್‌ಗೆ ನನ್ನ ಸಲಹೆ ‘ಸರಿತ’. ಕೂರುವ ಜಾಗದಿಂದ ನಡುಗೆರೆ ಎತ್ತ ಸರಿದಿದೆಯೋ ಅದಕ್ಕೆ ತಕ್ಕಂತೆ ಒಳಸರಿತ, ಹೊರಸರಿತ. ಇದರಲ್ಲಿ ಒಂದು ಅನುಕೂಲವೂ ಇದೆ. ಪ್ಲಸ್ ಅಂದರೆ ಚಕ್ರ ಹೊರಗೆ ಬರುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನಿಜದಲ್ಲಿ ಪ್ಲಸ್ ಆದಷ್ಟೂ ಚಕ್ರ ಒಳಗೆ ಹೋಗುತ್ತದೆ. ಇದೇ ಗೊಂದಲದಲ್ಲಿ ತಪ್ಪು ಚಕ್ರ ತರಿಸುವುದುಂಟು. ‘ಒಳಸರಿತ 6 ಮಿ.ಮೀ.’ ಅಂತ ಬರೆದರೆ ಆ ತೊಂದರೆಯೇ ಇಲ್ಲ. ನಮ್ಮ ಹೊಸ ಜೋಡಿಯದು ಹೆಚ್ಚುಕಡಿಮೆ ಅಷ್ಟೇ. ಹಳೆಯದರದು ಹೊರಸರಿತ, ಅರ್ಧ ಇಂಚು.

ಇನ್ನೊಂದು ಅನುಮಾನ ‘ದಪ್ಪ’ದ ಬಗ್ಗೆ. ಮಾತಿನಲ್ಲಿ ನಾವೆಲ್ಲ ‘ದಪ್ಪ ಟಯರ್’ ಅನ್ನುತ್ತೇವೆ. ನಾನೂ ಹಾಗೇ ಬರೆದಿದ್ದೆ. ಆದರೆ ದಪ್ಪದಲ್ಲಿ ಅಗಲವೂ ಇದೆ, ಪಕ್ಕದ ಎತ್ತರವೂ ಇದೆ. ಹೊಸ ಟಯರ್ ನೆಲಕ್ಕೆ ಕೂರುವಲ್ಲಿ ಅಗಲವಾಯಿತು, ಪಕ್ಕದಲ್ಲಿ ಮಾತ್ರ ಮೊದಲಿಗಿಂತ ಗಿಡ್ಡವಾಯಿತು. ಅದನ್ನು ದಪ್ಪ ಅಂದರೆ ಅರ್ಧ ಸುಳ್ಳಾಗುತ್ತದೆ. ಬರಹದಲ್ಲಿ ‘ಅಗಲ’ ಅಂತಲೇ ಉಳಿಸಿಕೊಂಡಿದ್ದೇನೆ. ‘ಹರವು’ ಚೆನ್ನಾಗಿದೆಯಾ?

ಮಡ್‌ಗಾರ್ಡಿನ ಅಂಚನ್ನು ಬಿಸಿಗಾಳಿ ಹಾಯಿಸಿ, ಬಣ್ಣ ಬಿರುಕು ಬಿಡದ ಹಾಗೆ ನಿಧಾನವಾಗಿ ಮೇಲಕ್ಕೆ ಒತ್ತುವ ಕೆಲಸವೂ ಇದೆ. ಅದಕ್ಕೆ ನಾನು ಪದ ಹುಡುಕಲಿಲ್ಲ. ‘ಅಂಚು ಮಡಿಸುವುದು’ ಸಾಕು, ದರ್ಜಿಗಳ ಮಾತು ಇಲ್ಲಿಗೂ ಒಪ್ಪುತ್ತದೆ.

ಸ್ಕ್ರಬ್ ರೇಡಿಯಸ್ ಮಾತ್ರ ಕಷ್ಟ. ಚಕ್ರ ಯಾವ ಕೀಲಿನ ಗೆರೆಯ ಸುತ್ತ ತಿರುಗುತ್ತದೋ ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟಯರಿನ ನಡುವಿಗೂ ಇರುವ ದೂರ ಅದು. ಚಕ್ರವನ್ನು ಹೊರಗೆ ತಳ್ಳಿದರೆ ಈ ದೂರ ಬೆಳೆಯುತ್ತದೆ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯನ್ನು ಎಳೆಯುತ್ತದೆ. ‘ಎಳೆತದ ದೂರ’ ಅಂತ ತಾತ್ಕಾಲಿಕವಾಗಿ ಬರೆದಿದ್ದೇನೆ. ನನಗೇ ಒಪ್ಪಿಗೆ ಇಲ್ಲ.

ಕೊನೆಯದಾಗಿ ಹಬ್ ಬಗ್ಗೆ. ಎತ್ತಿನ ಗಾಡಿಯ ಗಾಲಿಯಲ್ಲಿ ಅರೆಕಾಲುಗಳು ಬಂದು ಸೇರುವ ನಡುವಿನ ದಪ್ಪ ಮರಕ್ಕೆ ನಮ್ಮ ಅಜ್ಜನ ಊರಿನಲ್ಲಿ ‘ಗುಂಬ’ ಅನ್ನುತ್ತಿದ್ದರು. ಅಚ್ಚು, ಕಡಾಣಿ ಎಲ್ಲರಿಗೂ ಗೊತ್ತು. ಗುಂಬ ಮಾತ್ರ ಈಗ ಕೇಳುವುದೇ ಇಲ್ಲ. ‘ಗುಂಬಕ್ಕೆ ಕೂರುವ ಮುಖ’ ಅಂತ ಬರೆಯಲು ನನಗೆ ತುಂಬಾ ಆಸೆ. ನಿಮ್ಮ ಸೀಮೆಯಲ್ಲಿ, ಮುಖ್ಯವಾಗಿ ಬಳ್ಳಾರಿ, ಧಾರವಾಡದ ಕಡೆ, ಆ ಭಾಗಕ್ಕೆ ಏನನ್ನುತ್ತಾರೆ? ಮನೆಯಲ್ಲಿ ಹಿರಿಯರಿದ್ದರೆ, ಇಲ್ಲವೇ ಗಾಡಿ ಮಾಡುವ ಬಡಗಿಗಳ ಪರಿಚಯ ಇದ್ದರೆ ದಯವಿಟ್ಟು ಕೇಳಿ, ಊರಿನ ಹೆಸರಿನ ಜೊತೆ ಬರೆಯಿರಿ. ಬರಹ ಕಳಿಸಲು ಇನ್ನೂ ಎರಡು ವಾರ ಇದೆ.