ಕಂಪ್ಯೂಟರ್ ಉದ್ಯಮದಲ್ಲಿ ಏಕಸ್ವಾಮ್ಯ ಎಂದು ಕರೆಯುವುದು ಯಾವುದನ್ನು?

ತುಂಗಾತೀರ (ಪ್ರಶ್ನೆ):

ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಒಬ್ಬನೇ ಮಾರಾಟಗಾರ, ಹತ್ತಿರದ ಬದಲಿ ಸರಕು ಇಲ್ಲ, ಹೊಸಬರಿಗೆ ಪ್ರವೇಶವಿಲ್ಲ ಎಂಬ ಮೂರು ಲಕ್ಷಣಗಳಿದ್ದರೆ ಅದು ಏಕಸ್ವಾಮ್ಯ ಎಂದು ಪಠ್ಯಪುಸ್ತಕ ಹೇಳುತ್ತದೆ. ರೈಲ್ವೆಯ ಉದಾಹರಣೆ ಕೊಟ್ಟರೆ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿಯನ್ನು ಅಮೆರಿಕದ ನ್ಯಾಯಾಲಯ ಏಕಸ್ವಾಮ್ಯ ಎಂದು ಕರೆದದ್ದನ್ನು ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಆಗಲೂ ಆ್ಯಪಲ್ ಇತ್ತು, ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಪುಕ್ಕಟೆಯಾಗಿಯೇ ಸಿಗುತ್ತಿತ್ತು. ಪುಕ್ಕಟೆ ಸರಕು ಪಕ್ಕದಲ್ಲೇ ಇರುವಾಗ ಏಕಸ್ವಾಮ್ಯ ಹೇಗಾಗುತ್ತದೆ?" ಎಂದು ಕೇಳಿದಳು. ನಾನು ಮಾರುಕಟ್ಟೆಯ ಪಾಲಿನ ಮಾತು ಆಡಿದೆನಾದರೂ ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಶೇಕಡಾ 50 ದಾಟಿದರೆ ಏಕಸ್ವಾಮ್ಯವೇ, 90 ದಾಟಬೇಕೇ, ಅಥವಾ ಅಳತೆಗೋಲೇ ಬೇರೆಯೇ? ಮೊಕದ್ದಮೆಗಳನ್ನು ಓದಿಕೊಂಡವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ನ್ಯಾಯಪಥ:

ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೇ ಆ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್ ಪರ ವಕೀಲರೂ ಎತ್ತಿದ್ದರು. ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಅಮೆರಿಕದಲ್ಲಿ 1890ರ ಶರ್ಮನ್ ಕಾಯ್ದೆ ಏಕಸ್ವಾಮ್ಯಕ್ಕೆ ಯಾವ ಅಂಕಿಯನ್ನೂ ನಿಗದಿ ಮಾಡಿಲ್ಲ. ಬೆಲೆಯನ್ನು ತನ್ನಿಚ್ಛೆಯಂತೆ ಇಡುವ ಅಥವಾ ಪ್ರತಿಸ್ಪರ್ಧಿಗಳನ್ನು ಹೊರಗಿಡುವ ಶಕ್ತಿ ಇದೆಯೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ಪಾಲು ಆ ಶಕ್ತಿಯ ಒಂದು ಕುರುಹು ಮಾತ್ರ. 1945ರ ಅಲ್ಯೂಮಿನಿಯಂ ಕಂಪನಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್, ಶೇಕಡಾ 90 ಇದ್ದರೆ ಸಾಕು, 60 ಅಥವಾ 64 ಸಂದೇಹಾಸ್ಪದ, 33 ಖಂಡಿತ ಸಾಲದು ಎಂದರು. ವಕೀಲರು ಇಂದಿಗೂ ಈ ಮಾತನ್ನು ಉಲ್ಲೇಖಿಸುತ್ತಾರೆ. ಆದರೆ ಶೇಕಡಾ 90 ಎಂದೊಡನೆ, ಯಾವುದರ 90 ಎಂಬ ಪ್ರಶ್ನೆ ಏಳುತ್ತದೆ. ಕಂಪ್ಯೂಟರ್ ಉದ್ಯಮದ ಬಹುತೇಕ ವ್ಯಾಜ್ಯಗಳು ಗೆಲ್ಲುವುದೂ ಸೋಲುವುದೂ ಈ ಒಂದು ಪ್ರಶ್ನೆಯ ಮೇಲೆ.

ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 1999ರ ನವೆಂಬರ್ 5ರಂದು ಪ್ರಕಟಿಸಿದ ನಿರ್ಣಯಗಳಲ್ಲಿ, ಇಂಟೆಲ್ ಮಾದರಿಯ ಚಿಪ್‌ಗಳ ಮೇಲೆ ನಡೆಯುವ ಆಪರೇಟಿಂಗ್ ಸಿಸ್ಟಂಗಳನ್ನಷ್ಟೇ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳನ್ನಷ್ಟೇ) ಮಾರುಕಟ್ಟೆ ಎಂದು ಪರಿಗಣಿಸಿದರು. ವಿಂಡೋಸ್ ಬೆಲೆ ತುಸು ಏರಿತೆಂದು ಯಾರೂ ಯಂತ್ರವನ್ನೇ ಬದಲಿಸಿ, ತಂತ್ರಾಂಶಗಳನ್ನೆಲ್ಲ ಮತ್ತೆ ಕೊಂಡು ಆ್ಯಪಲ್‌ಗೆ ಹೋಗುವುದಿಲ್ಲ ಎಂಬುದು ಅವರು ಕಂಡ ಸಂಗತಿ. ಆ್ಯಪಲ್ಲನ್ನೂ ಸೇರಿಸಿ ಎಣಿಸಿದರೂ ಮೈಕ್ರೋಸಾಫ್ಟ್ ಪಾಲು ಶೇಕಡಾ 80ಕ್ಕಿಂತ ಬಹಳ ಮೇಲಿತ್ತು.

ಪುಕ್ಕಟೆ ಲಿನಕ್ಸ್‌ಗೆ ಉತ್ತರ ಇದಕ್ಕಿಂತ ಮುಖ್ಯವಾದದ್ದು. ಆಪರೇಟಿಂಗ್ ಸಿಸ್ಟಂ ಅನ್ನು ಯಾರೂ ಅದಕ್ಕಾಗಿಯೇ ಕೊಳ್ಳುವುದಿಲ್ಲ, ಅದರ ಮೇಲೆ ನಡೆಯುವ ತಂತ್ರಾಂಶಕ್ಕಾಗಿ ಕೊಳ್ಳುತ್ತಾರೆ. ತಂತ್ರಾಂಶ ಬರೆಯುವವರು ಬಳಕೆದಾರರು ಹೆಚ್ಚಿರುವ ಕಡೆಗೆ ಹೋಗುತ್ತಾರೆ, ಬಳಕೆದಾರರು ತಂತ್ರಾಂಶ ಹೆಚ್ಚಿರುವ ಕಡೆಗೆ ಹೋಗುತ್ತಾರೆ. ಸುತ್ತ ಎದ್ದ ಈ ಗೋಡೆಯನ್ನು ಬೇಲಿಯಾಚೆಯ ಸರಕಿನ ಬೆಲೆ ಸೊನ್ನೆಯಾದರೂ ದಾಟಲಾಗದು. ಐಬಿಎಂನಂಥ ಕಂಪನಿ ತನ್ನ ಓಎಸ್/2 ಎಂಬ ಆಪರೇಟಿಂಗ್ ಸಿಸ್ಟಂಗಾಗಿ ಕೋಟ್ಯಂತರ ಡಾಲರ್ ಸುರಿದರೂ, ಅದರ ಉಚ್ಛ್ರಾಯದ ದಿನಗಳಲ್ಲಿ ಸುಮಾರು 2,500 ತಂತ್ರಾಂಶಗಳು ಮತ್ತು ಶೇಕಡಾ 10ರಷ್ಟು ಪಾಲಿಗಿಂತ ಮುಂದೆ ಹೋಗಲಿಲ್ಲ. ವಿಂಡೋಸ್‌ಗೆ ಆಗ 70,000ಕ್ಕೂ ಮೀರಿದ ತಂತ್ರಾಂಶಗಳಿದ್ದವು.

ಅದೇ ನಿರ್ಣಯಗಳಲ್ಲಿ ಇನ್ನೊಂದು ಪುಟ್ಟ ವಿವರವಿದೆ. ನನ್ನ ಮಟ್ಟಿಗೆ ಇಡೀ ಮೊಕದ್ದಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೊಂದಿಲ್ಲ. ವಿಂಡೋಸ್ 98ಕ್ಕೆ ಮೇಲ್ದರ್ಜೆಗೇರಿಸಿಕೊಳ್ಳುವವರಿಂದ 49 ಡಾಲರ್ ಪಡೆಯಬಹುದೆಂದೂ, ಗರಿಷ್ಠ ಆದಾಯ ತರುವ ಬೆಲೆ 89 ಡಾಲರ್ ಎಂದೂ 1997ರ ನವೆಂಬರಿನಲ್ಲಿ ಕಂಪನಿಯೇ ನಡೆಸಿದ ಅಧ್ಯಯನ ತಿಳಿಸಿತ್ತು. ಪ್ರತಿಸ್ಪರ್ಧಿಯ ಬೆಲೆಯತ್ತ ಕಣ್ಣು ಹಾಯಿಸದೆಯೇ ತನ್ನ ಬೆಲೆಯನ್ನು ಲೆಕ್ಕ ಹಾಕಿಕೊಳ್ಳುವ ಸ್ಥಿತಿ ಅದು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಏಕಸ್ವಾಮ್ಯ ಹೊಂದಿರುವುದೇ ಅಪರಾಧವಲ್ಲ. ಉತ್ತಮ ಸರಕಿನಿಂದಲೋ ವ್ಯಾಪಾರದ ಜಾಣ್ಮೆಯಿಂದಲೋ ಬಂದದ್ದಾದರೆ ಕಾನೂನು ಅದನ್ನು ಮುಟ್ಟುವುದಿಲ್ಲ. ತಂತ್ರಾಂಶಗಳು ವಿಂಡೋಸ್ ಬದಲು ನೆಟ್‌ಸ್ಕೇಪ್ ಬ್ರೌಸರ್ ಮೇಲೆಯೇ ನಡೆಯುವಂತಾಗಿ ಆ ಗೋಡೆ ಒಡೆಯಬಹುದೆಂಬ ಭಯದಿಂದ ಮೈಕ್ರೋಸಾಫ್ಟ್ ಕಂಪ್ಯೂಟರ್ ತಯಾರಕರ ಕೈ ಕಟ್ಟಿದ್ದು ಅಪರಾಧವೆಂದು ನಿರ್ಣಯವಾಯಿತು. ಕಂಪನಿಯನ್ನು ಎರಡಾಗಿ ಒಡೆಯಬೇಕೆಂಬ 2000ದ ಆದೇಶವನ್ನು ಮೇಲ್ಮನವಿ ನ್ಯಾಯಾಲಯ 2001ರ ಜೂನ್ 28ರಂದು ರದ್ದು ಮಾಡಿತು. ಆದರೆ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡ ಆರೋಪವನ್ನು ಮುಖ್ಯ ಅಂಶಗಳಲ್ಲಿ ಎತ್ತಿಹಿಡಿಯಿತು.

ಅಚ್ಚುಮನೆ:

ಕಾನೂನು ನನಗೆ ತಿಳಿಯದು. ಆದರೆ ಗೋಡೆಯ ಮಾತು ಬಂದಿದ್ದರಿಂದ ನಮ್ಮ ಮುದ್ರಣಾಲಯದ ಅನುಭವ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಖರ್ಚು ಉಳಿಸೋಣವೆಂದು ಎರಡು ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಸಿದೆ. ಯಂತ್ರಗಳು ಚೆನ್ನಾಗಿಯೇ ನಡೆದವು. ಹಳೆಯ ಲಗ್ನಪತ್ರಿಕೆಯೊಂದರ ಕಡತ ತೆರೆದಾಗ ಮಾತ್ರ, "ಶ್ರೀ ಗಣೇಶಾಯ ನಮಃ" ಇರಬೇಕಾದ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಅಡ್ಡಾದಿಡ್ಡಿಯಾಗಿ ಬಂದು ಕುಳಿತಿದ್ದವು. ಆಗ ನಾವು ಬಳಸುತ್ತಿದ್ದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಆ ಫಾಂಟೂ ಕೀಲಿಮಣೆಯ ತಂತ್ರಾಂಶವೂ ಪುಟವಿನ್ಯಾಸದ ತಂತ್ರಾಂಶವೂ ವಿಂಡೋಸ್‌ನಲ್ಲಿ ಮಾತ್ರ ಇದ್ದವು. ಎಂಟು ವರ್ಷಗಳ ಕೆಲಸ ಆ ಕಡತಗಳಲ್ಲಿತ್ತು. ಮೂರನೆಯ ವಾರಕ್ಕೆ ಎರಡೂ ಯಂತ್ರಗಳನ್ನು ಮೊದಲಿನಂತೆಯೇ ಮಾಡಿಸಿದೆ.

ಇದರಲ್ಲಿ ಯಾವ ಕಂಪನಿಯ ಸಂಚೂ ಇರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆದರೂ ಬಿಟ್ಟುಬರಲು ದಾರಿ ಇರಲಿಲ್ಲ. ಯೂನಿಕೋಡ್ ಬಳಕೆಗೆ ಬಂದ ಮೇಲೆ, ಟೈಪ್ ಮಾಡಿದ ಕನ್ನಡ ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುತ್ತದೆ. ಆ ಗೋಡೆ ಕೆಡವಿದ್ದು ನ್ಯಾಯಾಲಯವಲ್ಲ, ಎಲ್ಲರಿಗೂ ಒಂದೇ ಆದ ಒಂದು ಸಂಕೇತ ಕ್ರಮ.

ಪಂಚ್‌ಕಾರ್ಡ್:

ಮೇಲಿನ ವಿವರಣೆಗಳನ್ನು ಒಪ್ಪುತ್ತೇನೆ, ಆದರೆ ಕಾಲ ಎಂಬ ಅಂಶ ಬಿಟ್ಟುಹೋಗಿದೆ. 1969ರ ಜನವರಿ 17ರಂದು ಅಮೆರಿಕ ಸರ್ಕಾರ ಐಬಿಎಂ ಮೇಲೆ ಹೂಡಿದ ದಾವೆ ಹದಿಮೂರು ವರ್ಷ ನಡೆದು, 1982ರ ಜನವರಿ 8ರಂದು, ಹುರುಳಿಲ್ಲವೆಂಬ ಕಾರಣಕ್ಕೆ ಸರ್ಕಾರದಿಂದಲೇ ಹಿಂತೆಗೆದುಕೊಳ್ಳಲ್ಪಟ್ಟಿತು. ಅಷ್ಟರಲ್ಲಿ ಮೇನ್‌ಫ್ರೇಮ್ ಎಂಬ ದೈತ್ಯ ಕಂಪ್ಯೂಟರ್‌ಗಳ ಪಕ್ಕದಲ್ಲಿ ಮಿನಿ ಕಂಪ್ಯೂಟರ್‌ಗಳು ಬಂದಿದ್ದವು, ಮೇಜಿನ ಮೇಲಿಡುವ ಕಂಪ್ಯೂಟರ್‌ಗಳೂ ಬಂದಿದ್ದವು. ದಾವೆ ಹೂಡಿದಾಗ ಗೆರೆ ಎಳೆದ ಮಾರುಕಟ್ಟೆ, ದಾವೆ ಮುಗಿದಾಗ ಅದೇ ಆಗಿ ಉಳಿದಿರಲಿಲ್ಲ. ಇಂದು ಯಾವುದನ್ನು ಏಕಸ್ವಾಮ್ಯ ಎನ್ನುತ್ತೇವೋ ಅದು ಇನ್ನು ಹತ್ತು ವರ್ಷ ನಿಲ್ಲುತ್ತದೆಯೇ ಎಂದೂ ಕೇಳಬೇಕು.

ಹಾಗೆಂದು ಆ ದಾವೆ ವ್ಯರ್ಥವಾಯಿತು ಎನ್ನಲು ನಾನು ಸಿದ್ಧನಿಲ್ಲ. ಅದುವರೆಗೆ ಯಂತ್ರದ ಬಾಡಿಗೆಯಲ್ಲೇ ತಂತ್ರಾಂಶವೂ ಸೇರಿರುತ್ತಿದ್ದುದರಿಂದ, ಬೇರೊಬ್ಬರು ತಂತ್ರಾಂಶ ಬರೆದು ಮಾರುವುದು ಕಷ್ಟವಿತ್ತು. 1969ರ ಜೂನಿನಲ್ಲಿ ಐಬಿಎಂ ತನ್ನ ಹಲವು ತಂತ್ರಾಂಶಗಳಿಗೆ ಪ್ರತ್ಯೇಕ ಬೆಲೆ ಇಡುವುದಾಗಿ ಘೋಷಿಸಿತು. ದಾವೆಯ ಒತ್ತಡ ಅದಕ್ಕೆ ಎಷ್ಟರಮಟ್ಟಿಗೆ ಕಾರಣ ಎಂಬ ಬಗ್ಗೆ ಚರ್ಚೆ ಇದ್ದರೂ, ತಂತ್ರಾಂಶ ಸ್ವತಂತ್ರ ಸರಕಾಗಲು ಆ ನಿರ್ಧಾರ ನೆರವಾಯಿತು.

ಪ್ರಸಂಗವಶಾತ್ ಒಂದು ಮಾತು. 1978ರಲ್ಲಿ ಐಬಿಎಂ ಭಾರತ ಬಿಟ್ಟದ್ದನ್ನು ಏಕಸ್ವಾಮ್ಯ ಕಾನೂನಿನ ಜೊತೆ ಸೇರಿಸಿ ಹೇಳುವವರಿದ್ದಾರೆ. ಅದು ತಪ್ಪು. ಭಾರತದ ಶಾಖೆಯಲ್ಲಿ ವಿದೇಶಿ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂಬ ವಿದೇಶಿ ವಿನಿಮಯ ಕಾಯ್ದೆಯ ಷರತ್ತಿಗೆ ಕಂಪನಿ ಒಪ್ಪಲಿಲ್ಲ.

ತುಂಗಾತೀರ:

ಮೂವರಿಗೂ ಕೃತಜ್ಞತೆಗಳು. ಲಗ್ನಪತ್ರಿಕೆಯ ಉದಾಹರಣೆಯನ್ನು ತರಗತಿಯಲ್ಲಿ ಹೇಳಲು ಅನುಮತಿ ಕೋರುತ್ತೇನೆ. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನೂ ತಿಳಿಸಬಹುದೇ? ಮಕ್ಕಳ ಕೈಯಲ್ಲಿರುವುದು ಮೊಬೈಲ್ ಫೋನ್, ಆದ್ದರಿಂದ ಅಲ್ಲಿಯ ಉದಾಹರಣೆಯೊಂದು ಸಿಕ್ಕರೆ ಒಳ್ಳೆಯದು.

ನ್ಯಾಯಪಥ:

ನಮ್ಮಲ್ಲಿ 2002ರ ಸ್ಪರ್ಧಾ ಕಾಯ್ದೆಯ 4ನೆಯ ಕಲಮು "ಏಕಸ್ವಾಮ್ಯ" ಎನ್ನುವುದಿಲ್ಲ, "ಪ್ರಬಲ ಸ್ಥಾನ" ಎನ್ನುತ್ತದೆ. ಸ್ಪರ್ಧೆಯ ಒತ್ತಡವನ್ನು ಲೆಕ್ಕಿಸದೆ ನಡೆದುಕೊಳ್ಳುವ ಬಲ ಎಂಬುದು ಅದರ ಸಾರ. ಅಂಕಿಯ ಮಿತಿ ಇಲ್ಲಿಯೂ ಇಲ್ಲ, ಮತ್ತು ಆ ಸ್ಥಾನದ ದುರುಪಯೋಗಕ್ಕೆ ಮಾತ್ರ ನಿಷೇಧವಿದೆ.

ನೀವು ಕೇಳಿದ ಉದಾಹರಣೆ ಗೂಗಲ್‌ನ ಮೊಬೈಲ್ ಆಪರೇಟಿಂಗ್ ಸಿಸ್ಟಂ ಆದ ಆ್ಯಂಡ್ರಾಯ್ಡ್ ಪ್ರಕರಣ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಪ್ರಬಲ ಸ್ಥಾನದ ದುರುಪಯೋಗಕ್ಕಾಗಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಇಲ್ಲಿ ಆಯೋಗ ಎಳೆದ ಗೆರೆಯನ್ನು ಗಮನಿಸಿ. ಪರವಾನಗಿಯ ಮೇಲೆ ಇತರರಿಗೆ ದೊರೆಯುವ ಮೊಬೈಲ್ ಆಪರೇಟಿಂಗ್ ಸಿಸ್ಟಂಗಳು ಎಂಬುದು ಮಾರುಕಟ್ಟೆ. ಆ್ಯಪಲ್ ತನ್ನ ಐಓಎಸ್ ಅನ್ನು ಯಾರಿಗೂ ಕೊಡುವುದಿಲ್ಲವಾದ್ದರಿಂದ ಅದು ಲೆಕ್ಕಕ್ಕೇ ಬರಲಿಲ್ಲ. ಅಂಗಡಿಯಲ್ಲಿ ನಿಂತು ಫೋನ್ ಆರಿಸುವ ನಮಗೆ ಎರಡು ದಾರಿಗಳು ಕಾಣುತ್ತವೆ, ಫೋನ್ ತಯಾರಿಸುವ ಕಂಪನಿಗೆ ಒಂದೇ ದಾರಿ. ಯಾರು ಸಿಕ್ಕಿಕೊಂಡಿದ್ದಾರೋ ಅವರ ಕಡೆಯಿಂದ ನಿಂತು ಗೆರೆ ಎಳೆದದ್ದು ಸರಿಯಾಯಿತೆಂದೇ ನನ್ನ ಅಭಿಪ್ರಾಯ.

ಇನ್ನು ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಹತ್ತಿರವಾದದ್ದು ಗೂಗಲ್ ಹುಡುಕಾಟದ ಮೇಲಿನ ಅಮೆರಿಕದ ತೀರ್ಪು. ಬೇರೆ ಹುಡುಕಾಟ ತಾಣಗಳು ಪುಕ್ಕಟೆ, ಬದಲಿಸಲು ಕೆಲವು ಕ್ಷಣ ಸಾಕು, ಹೀಗಿರುವಾಗ ಏಕಸ್ವಾಮ್ಯ ಎಲ್ಲಿದೆ ಎಂಬ ವಾದ ಅಲ್ಲಿಯೂ ಬಂದಿತ್ತು. ಫೋನ್ ಮತ್ತು ಬ್ರೌಸರ್‌ಗಳಲ್ಲಿ ಮೊದಲೇ ತನ್ನ ಹುಡುಕಾಟವೇ ಇರಬೇಕೆಂದು ಗೂಗಲ್ 2021ರ ಒಂದೇ ವರ್ಷ 2,630 ಕೋಟಿ ಡಾಲರ್ ಪಾವತಿಸಿತ್ತು. ಜನ ಅಷ್ಟು ಸುಲಭವಾಗಿ ಬದಲಿಸುವವರಾಗಿದ್ದರೆ ಆ ಜಾಗಕ್ಕೆ ಅಷ್ಟು ಹಣ ಯಾರೂ ಕೊಡುತ್ತಿರಲಿಲ್ಲ. ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರಂದು, ಗೂಗಲ್ ಏಕಸ್ವಾಮ್ಯ ಹೊಂದಿದ್ದು ಅದನ್ನು ಉಳಿಸಿಕೊಳ್ಳಲು ಕಾನೂನು ಮೀರಿದೆ ಎಂದು ತೀರ್ಪಿತ್ತರು.

ತರಗತಿಗೆ ಒಂದು ಸಲಹೆ. ಎಪಿಕ್ ಎಂಬ ಆಟಗಳ ಕಂಪನಿ ಆ್ಯಪಲ್ ಮೇಲೆ ಹೂಡಿದ ದಾವೆಯಲ್ಲಿ, ಐಫೋನಿನೊಳಗಿನ ವ್ಯವಹಾರವೇ ಒಂದು ಮಾರುಕಟ್ಟೆ ಎಂದು ಎಪಿಕ್ ವಾದಿಸಿತು, ಎಲ್ಲ ಬಗೆಯ ವಿಡಿಯೋ ಆಟಗಳೂ ಸೇರಿ ಒಂದು ಮಾರುಕಟ್ಟೆ ಎಂದು ಆ್ಯಪಲ್ ವಾದಿಸಿತು. ನ್ಯಾಯಾಧೀಶೆ 2021ರಲ್ಲಿ ಎರಡನ್ನೂ ಒಪ್ಪದೆ, ಮೊಬೈಲ್ ಆಟಗಳ ವ್ಯವಹಾರವನ್ನು ಮಾರುಕಟ್ಟೆ ಎಂದು ಹಿಡಿದು, ಆ್ಯಪಲ್ ಪಾಲು ಶೇಕಡಾ 52ರಿಂದ 57 ಎಂದು ಕಂಡು, ಏಕಸ್ವಾಮ್ಯ ಸಾಬೀತಾಗಿಲ್ಲ ಎಂದರು. ತೀರ್ಪನ್ನು ಹೇಳುವ ಮೊದಲು ಮಕ್ಕಳಿಂದಲೇ ಗೆರೆ ಎಳೆಸಿ ನೋಡಿ. ನಿಮ್ಮ ವಿದ್ಯಾರ್ಥಿನಿ ಎಲ್ಲಿ ಎಳೆದಳೆಂದು ಇಲ್ಲಿ ಬಂದು ತಿಳಿಸಿದರೆ ಚರ್ಚೆ ಮುಂದುವರಿಸೋಣ.