ಡ್ರ್ಯಾಗ್ ರೇಸಿಗೆ ರಸ್ತೆ ಟೈರು: ಗಾಳಿ ಎಷ್ಟಿರಬೇಕು? (ಪ್ರಶ್ನೋತ್ತರ)

ಚಿತ್ರದುರ್ಗದ ಸದಸ್ಯ: ನಮಸ್ಕಾರ ಸರ್. ತಾವು ದಾವಣಗೆರೆಯಲ್ಲಿ ಬಹಳ ಕಾಲದಿಂದ ಟೈರಿನ ಕೆಲಸ ಮಾಡುತ್ತಿರುವುದರಿಂದ ಕೇಳುತ್ತಿದ್ದೇನೆ. ಮುಂದಿನ ತಿಂಗಳು ಅನುಮತಿ ಪಡೆದ ಏರ್‌ಸ್ಟ್ರಿಪ್ ಒಂದರಲ್ಲಿ 402 ಮೀಟರ್ ಓಟಕ್ಕೆ ನನ್ನ ಹ್ಯಾಚ್‌ಬ್ಯಾಕ್ ಒಯ್ಯುತ್ತಿದ್ದೇನೆ. ಮುಂದಿನ ಚಕ್ರಗಳೇ ಎಳೆಯುವ ಕಾರು. ಬಾಗಿಲಿನ ಸ್ಟಿಕ್ಕರಿನಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿದೆ. ಕ್ಲಚ್ ಬಿಟ್ಟೊಡನೆ ಚಕ್ರಗಳು ನಿಂತಲ್ಲೇ ತಿರುಗುತ್ತವೆ. ಎಷ್ಟಕ್ಕೆ ಇಳಿಸಲಿ?

ಟೈರು ತಂತ್ರಜ್ಞ: ನಮಸ್ಕಾರ. ಮುಂದಿನ ಎರಡನ್ನು 29ಕ್ಕೆ ಇಳಿಸಿ ಒಂದು ಓಟ ಮುಗಿಸಿ. ಆಮೇಲೆ ಒಂದೊಂದೇ ಪಿಎಸ್‌ಐ ಇಳಿಸುತ್ತಾ, ಮೊದಲ 18 ಮೀಟರಿನ ಸಮಯವನ್ನು ಬರೆದುಕೊಳ್ಳುತ್ತಾ ಹೋಗಿ. ಸಮಯ ಸುಧಾರಿಸುವುದು ನಿಂತಲ್ಲಿ ನೀವೂ ನಿಲ್ಲಿ, 26ರ ಕೆಳಗಂತೂ ಹೋಗಬೇಡಿ. ಡ್ರ್ಯಾಗ್ ರೇಸಿಗೆಂದೇ ಮಾಡಿದ ಟೈರು ಹಾಕುವವರು 15ರ ಆಸುಪಾಸಿನಲ್ಲಿ ಓಡಿಸುವುದು ನಿಜ, ಆದರೆ ಆ ಟೈರಿನ ಪಕ್ಕದ ಗೋಡೆಯನ್ನು ಸುಕ್ಕುಗಟ್ಟಲೆಂದೇ ಮಾಡಿರುತ್ತಾರೆ. ರಸ್ತೆ ಟೈರಿನ ಗೋಡೆ ಬಿರುಸು. ಗಾಳಿ ಮಿತಿಮೀರಿ ಇಳಿದರೆ ನಡುಭಾಗ ಒಳಕ್ಕೆ ಸರಿದು ಎರಡು ಅಂಚುಗಳು ಮಾತ್ರ ನೆಲವನ್ನು ಒತ್ತುತ್ತವೆ, ಹಿಡಿತ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ನಾಲ್ಕಾರು ಮೀಟರ್ ನೇರವಾಗಿ ಉರುಳಿಸಿ ನೋಡಿ. ನಡುವಿನ ಸುಣ್ಣ ಉಳಿದರೆ ಗಾಳಿ ಕಡಿಮೆಯಾಗಿದೆ, ಅಂಚಿನ ಸುಣ್ಣ ಉಳಿದರೆ ಹೆಚ್ಚಾಗಿದೆ. ಹಿಂದಿನ ಟೈರುಗಳು ಸುಮ್ಮನೆ ಉರುಳುವಂಥವು. ಅವಕ್ಕೆ ಮೂರು ಪಿಎಸ್‌ಐ ಹೆಚ್ಚು ಹಾಕಬಹುದು, ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯೊಳಗೆ. ಟೈರಿನ ಬಿಸಿ ಹತ್ತು ಡಿಗ್ರಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಒಂದು ಮಗ್ಗುಲು ನೆರಳಿನಲ್ಲಿ, ಇನ್ನೊಂದು ಬಿಸಿಲಿನಲ್ಲಿ ನಿಂತಿದ್ದರೂ ಗೇಜು ಎರಡು ಲೆಕ್ಕ ಹೇಳುತ್ತದೆ. ಮನೆಗೆ ಹೊರಡುವ ಮುನ್ನ ನಾಲ್ಕನ್ನೂ ಸ್ಟಿಕ್ಕರಿನ ಲೆಕ್ಕಕ್ಕೆ ತನ್ನಿ.

ಹಿರಿಯೂರಿನ ಸದಸ್ಯ: ನನ್ನದು ಸೆಡಾನ್. ಎಷ್ಟು ಪಿಎಸ್‌ಐ ಇಡಲಿ ಸರ್?

ಟೈರು ತಂತ್ರಜ್ಞ: ಮೇಲಿನ ಉತ್ತರವನ್ನು ಓದಿ. ಹಿಂದಿನ ಚಕ್ರ ಎಳೆಯುವ ಕಾರಾದರೆ ಇಳಿಸಬೇಕಾದದ್ದು ಹಿಂದಿನದನ್ನು.

ಚಳ್ಳಕೆರೆಯ ಸದಸ್ಯ: ಹತ್ತು ಇಂಚಿನ ಚಕ್ರದ ಸ್ಕೂಟರಿಗೆ ಇದೇ ಕ್ರಮ ಸರಿಯೇ?

ಹೊಳಲ್ಕೆರೆಯ ಸದಸ್ಯ: ನನಗೆ ಬಂದ ಸಂದೇಶವನ್ನು ಹಂಚುತ್ತಿದ್ದೇನೆ: “ಓಟಕ್ಕೆ ಮುಂಚೆ ಟೈರಿಗೆ ಸೀಮೆಎಣ್ಣೆ ಸವರಿ ನೈಟ್ರೋಜನ್ ತುಂಬಿಸಿದರೆ ಹಿಡಿತ ಎರಡು ಪಟ್ಟಾಗುತ್ತದೆ.” ಹಿರಿಯರು ಅಭಿಪ್ರಾಯ ತಿಳಿಸಬೇಕು.

ಟೈರು ತಂತ್ರಜ್ಞ: ಇದೇ ಸಂದೇಶ ಈ ಗುಂಪಿಗೆ ಮೂರನೆಯ ಸಲ ಬಂದಿದೆ. ಸೀಮೆಎಣ್ಣೆ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಬಿಸಿ ಟೈರಿನ ಮೇಲೆ ಬೆಂಕಿಯ ಅಪಾಯವೂ ಇದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಸಿಲಿಂಡರಿನದು ತೇವವಿಲ್ಲದ್ದು ಎಂಬುದೇ ಅದರ ಮುಖ್ಯ ಅನುಕೂಲ, ಹಿಡಿತಕ್ಕೂ ಅದಕ್ಕೂ ಸಂಬಂಧವಿಲ್ಲ. ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ.

ಹರಿಹರದ ಸದಸ್ಯ: ಸರ್, ನನ್ನದು ಹಳೆಯ ಬೈಕು, ಕಡ್ಡಿ ಚಕ್ರ, ಟ್ಯೂಬ್ ಟೈರು. ಹಿಂದಿನದನ್ನು 15ಕ್ಕೆ ಇಳಿಸಿ ಅಭ್ಯಾಸ ಮಾಡುತ್ತಿದ್ದೆ. ಈಗ ವಾಲ್ವ್ ಸ್ವಲ್ಪ ಓರೆಯಾಗಿ ಕಾಣುತ್ತದೆ. ನಟ್ಟು ಬಿಗಿ ಮಾಡಿದರೆ ಸಾಕೇ?

ಟೈರು ತಂತ್ರಜ್ಞ: ಬೈಕನ್ನು ಇವತ್ತು ಹೊರಗೆ ತೆಗೆಯಲೇಬೇಡಿ. ನೀವು ನೋಡಿದ ಓರೆ ಸಣ್ಣದಲ್ಲ. ಗಾಳಿ ಕಡಿಮೆಯಿದ್ದಾಗ ಟೈರು ರಿಮ್ಮನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಕ್ಲಚ್ ಬಿಟ್ಟ ಏಟಿಗೆ ರಿಮ್ ಮುಂದಕ್ಕೆ ತಿರುಗುತ್ತದೆ, ನೆಲಕ್ಕೆ ಕಚ್ಚಿಕೊಂಡ ಟೈರು ಹಿಂದೆ ಉಳಿಯುತ್ತದೆ, ಟ್ಯೂಬು ಟೈರಿನ ಜೊತೆಗೇ ಜಾರುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುವುದರಿಂದ ಅದರ ಬುಡದ ರಬ್ಬರು ಪ್ರತಿ ಓಟದಲ್ಲೂ ಎಳೆಸಿಕೊಳ್ಳುತ್ತದೆ. ಪಂಕ್ಚರಾದರೆ ಗಾಳಿ ನಿಧಾನವಾಗಿ ಇಳಿಯಬಹುದು. ವಾಲ್ವಿನ ಬುಡ ಕಿತ್ತರೆ ಒಂದೇ ಉಸಿರಿಗೆ ಖಾಲಿಯಾಗುತ್ತದೆ, ಅದೂ ಹಿಂದಿನ ಚಕ್ರದಲ್ಲಿ, ನೀವು ಅತಿ ವೇಗದಲ್ಲಿರುವಾಗ. ನಟ್ಟು ಬಿಗಿ ಮಾಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ವಾಲ್ವ್ ನೇರವಾಗಿ ಕಂಡು, ಒಳಗಿನ ಎಳೆತ ಮರೆಯಾಗುತ್ತದೆ. ನಟ್ಟನ್ನು ಮೇಲೆ ಮುಚ್ಚಳದ ಹತ್ತಿರವೇ ಬಿಡುವುದು ಲೇಸು; ಟೈರು ಜಾರಿದರೆ ವಾಲ್ವ್ ವಾಲಿ ನಿಮಗೆ ಸುಳಿವು ಕೊಡುತ್ತದೆ. ಚಕ್ರ ಬಿಚ್ಚಿಸಿ, ಟ್ಯೂಬ್ ಹೊರತೆಗೆದು ವಾಲ್ವಿನ ಬುಡ ನೋಡಿ ಇಲ್ಲಿ ತಿಳಿಸಿ. ಮತ್ತೆ ಕೂರಿಸಿದ ಮೇಲೆ ಟೈರಿಗೂ ರಿಮ್ಮಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾದ ದಿನ ಟೈರು ಜಾರಿದೆ ಎಂದು ಅರ್ಥ. ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಅಭ್ಯಾಸ ಎಲ್ಲಿ ಮಾಡುತ್ತಿದ್ದೀರಿ?

ಹರಿಹರದ ಸದಸ್ಯ: ರಾತ್ರಿ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ.

ಟೈರು ತಂತ್ರಜ್ಞ: ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಎದುರಿಗೆ ದೀಪವಿಲ್ಲದ ಟ್ರ್ಯಾಕ್ಟರ್ ಬಂದರೆ ಆಗುವುದು ಕಾಯ್ದೆಯಲ್ಲಿ ಬರೆದಿಲ್ಲ.

ದಾವಣಗೆರೆಯ ಉಪನ್ಯಾಸಕರು: ಗಾಳಿ ಇಳಿಸಿ ಟೈರಿನ ಹೆಚ್ಚು ಭಾಗ ನೆಲಕ್ಕೆ ತಾಗಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಈ ಚರ್ಚೆಯ ತಳಹದಿಯೇ ತಪ್ಪು. ಘರ್ಷಣೆಯು ಸ್ಪರ್ಶದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪಿಯುಸಿಯಲ್ಲೇ ಕಲಿಸುತ್ತೇವೆ.

ಹೊಳಲ್ಕೆರೆಯ ಸದಸ್ಯ: ಹಾಗಾದರೆ ರೇಸ್ ಕಾರುಗಳಿಗೆ ಅಷ್ಟು ಅಗಲದ ಟೈರು ಏಕೆ ಹಾಕುತ್ತಾರೆ ಎಂದು ಹೇಳಿ.

ಉಪನ್ಯಾಸಕರು: ನಾನು ಸೂತ್ರದ ಮಾತಾಡುತ್ತಿದ್ದೇನೆ. ಸೀಮೆಎಣ್ಣೆ ಸಂದೇಶ ಹಂಚಿದವರಿಗೆ ಅದು ಅರ್ಥವಾಗದು.

ಹೊಳಲ್ಕೆರೆಯ ಸದಸ್ಯ: ನಾನು ಅಭಿಪ್ರಾಯ ಕೇಳಿದ್ದೆ, ಅಷ್ಟೇ. ನೀವು ಎಂದಾದರೂ ಒಂದು ಟೈರು ಬಿಚ್ಚಿದ್ದೀರಾ?

ಟೈರು ತಂತ್ರಜ್ಞ: ಆ ಸೂತ್ರ ಗಟ್ಟಿ ವಸ್ತುಗಳಿಗೆ ಹೊಂದುತ್ತದೆ. ರಬ್ಬರು ಡಾಂಬರಿನ ಸಂದಿಗಳಿಗೆ ಇಳಿದು ಕಚ್ಚುತ್ತದೆ, ಅಂಟುತ್ತದೆ; ಒಂದೇ ಜಾಗದ ಮೇಲೆ ಭಾರ ಹೆಚ್ಚಿದಂತೆ ಅದರ ಘರ್ಷಣಾಂಕ (ಭಾರಕ್ಕೆ ಹೋಲಿಸಿದರೆ ಸಿಗುವ ಹಿಡಿತ) ಕುಗ್ಗುತ್ತದೆ. ಇಬ್ಬರೂ ಇದನ್ನು ಬೇರೆಡೆ ಮುಂದುವರಿಸಿ.

ಉಪನ್ಯಾಸಕರು: ಗುಂಪು ಎಲ್ಲರದ್ದು, ನನ್ನನ್ನು ಹೊರಗೆ ಕಳಿಸುವ ಅಧಿಕಾರ ನಿಮಗಿಲ್ಲ.

ಚಳ್ಳಕೆರೆಯ ಸದಸ್ಯ: ಸ್ಕೂಟರ್ ಬಗ್ಗೆ ಯಾರೂ ಹೇಳಲಿಲ್ಲ.

ಜಗಳೂರಿನ ಸದಸ್ಯ: ಓಟಕ್ಕೆ ಮುನ್ನ ಟೈರು ಸುಟ್ಟು ಬಿಸಿ ಮಾಡಬೇಕಂತೆ, ನಿಜವೇ? ನನ್ನ ಕಾರಿಗೆ ಎಷ್ಟು ಪಿಎಸ್‌ಐ?

ಟೈರು ತಂತ್ರಜ್ಞ: ಧೂಳು ಹೋಗುವಷ್ಟು ಒಂದೆರಡು ಕ್ಷಣ ತಿರುಗಿಸಿದರೆ ಸಾಕು, ಹೆಚ್ಚು ಸುಟ್ಟರೆ ರಸ್ತೆ ಟೈರಿನ ಮೇಲ್ಪದರ ಜಿಡ್ಡಾಗಿ ಜಾರುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರಿಸುವುದಿಲ್ಲ. ಹರಿಹರದವರೇ, ಚಕ್ರ ಬಿಚ್ಚಿಸಿದಿರಾ?

ಹರಿಹರದ ಸದಸ್ಯ: ಈಗಷ್ಟೇ ಬಿಚ್ಚಿಸಿದೆ ಸರ್. ವಾಲ್ವಿನ ಬುಡದಲ್ಲಿ ರಬ್ಬರು ಅರ್ಧ ಸುತ್ತು ಹರಿದಿದೆ. ಅಂಗಡಿಯವರು ತೇಪೆ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ.

ಟೈರು ತಂತ್ರಜ್ಞ: ಬುಡಕ್ಕೆ ತೇಪೆ ನಿಲ್ಲುವುದಿಲ್ಲ. ಆ ಟ್ಯೂಬನ್ನು ಅಲ್ಲೇ ಕತ್ತರಿಸಿ ಹಾಕಿ, ಹೊಸದನ್ನು ಕೂರಿಸಿಕೊಂಡು ಮನೆಗೆ ಹೋಗಿ.